ಭಜ್ಜಿ ಪಲ್ಯವೆಂಬ ಜೋಡುಹೆಸರು

ಎಳ್ಳಮಾವಾಸ್ಯೆಯ ದಿನ ಭಾಲ್ಕಿಯ ಕಡೆಯ ಹೊಲಗಳಲ್ಲಿ ಚರಗ ಚೆಲ್ಲಿದ ತರುವಾಯ, ಸಜ್ಜೆಯ ರೊಟ್ಟಿ ಅಂಬಲಿಗಳೊಡನೆ ಬಂದವರಿಗೆಲ್ಲ ಬಡಿಸುವ ಪ್ರಧಾನ ವ್ಯಂಜನವು ಭಜ್ಜಿ. ಹಸಿ ತೊಗರಿ, ಕಡಲೆ, ಅವರೆಗಳನ್ನೂ ಮೆಂತೆ ಮೊದಲಾದ ಸೊಪ್ಪುಗಳನ್ನೂ ಹುಣಿಸೆಯ ಹುಳಿಯಲ್ಲಿ ಬೇಯಿಸಿ, ಕಡಲೆಹಿಟ್ಟು ಕದಡಿ ಗಟ್ಟಿಮಾಡಿದ ಈ ಪದಾರ್ಥವನ್ನು ಮುಂದಿಟ್ಟಾಗ, ಬಜ್ಜಿಯೆಂದರೆ ಎಣ್ಣೆಯಲ್ಲಿ ಕರಿದುದೆಂದೇ ಬಗೆದಿರುವ ಮೈಸೂರು ಸೀಮೆಯ ಅತಿಥಿಯು ತಬ್ಬಿಬ್ಬಾಗುವುದು ಸಹಜವೇ; ಆದರೆ ಸುಟ್ಟ ಬದನೆಕಾಯಿಯ ಗೊಜ್ಜನ್ನೂ ಬಜ್ಜಿಯೆಂದೇ ಕರೆಯುವ ಆತನಿಗೆ ನಗುವ ಅಧಿಕಾರವು ಪೂರ್ಣವಾಗಿ ಇರುವಂತೆ ತೋರದು.

ಇದನ್ನೇ ‘ಭಜ್ಜಿ ಪಲ್ಯ’ವೆನ್ನುವವರೂ ಉಂಟು. ಮರಾಠಿಯ ಭಾಜಿ ಎಂದರೇ ಪಲ್ಯವಾದುದರಿಂದ ಇದು ಪಲ್ಯದ ಪಲ್ಯವಾಯಿತು. ಪಲ್ಯವೆಂಬ ಮಾತಾದರೂ ಈ ಭಾಗದಲ್ಲಿ ಒಂದೇ ಅರ್ಥಕ್ಕೆ ಕಟ್ಟುಬಿದ್ದುದಲ್ಲ: ಸಂತೆಯಲ್ಲಿ ಸಿವುಡು ಕಟ್ಟಿ ಮಾರುವ ಹಸಿಯ ಸೊಪ್ಪೂ ಪುಂಡಿಪಲ್ಯವೇ, ಒಲೆಯಿಂದಿಳಿದು ತಟ್ಟೆಗೆ ಬಂದುದೂ ಪುಂಡಿಪಲ್ಯವೇ.

ಇಂಥ ಪುನರುಕ್ತಿಗಳನ್ನು ವ್ಯಾಕರಣಜ್ಞರು ದೋಷವೆಂದು ಎಣಿಸಬಹುದು. ನನಗಾದರೋ ಅವು ಬಾಯಿಂದ ಬಾಯಿಗೆ ಉಳಿದುಬಂದ ಚರಿತ್ರೆಯಾಗಿ ಕಾಣುತ್ತವೆ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದಂದಿನಿಂದ ದರ್ಬಾರಿನ ಪಾರಸಿಯೂ, ಕಾಲಾಂತರದಲ್ಲಿ ನಿಜಾಮರ ಕಚೇರಿಯ ಉರ್ದುವೂ ಮೇಲೆ ನಿಂತಿದ್ದುವು; ಕೆಳಗೆ ಕನ್ನಡ, ಮರಾಠಿ, ತೆಲುಗು, ದಖನಿಗಳು ಒಂದೇ ಸಂತೆಯಲ್ಲಿ ವ್ಯವಹರಿಸಿದುವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರವೂ ಜಹೀರಾಬಾದವೂ ಬೀದರ ಜಿಲ್ಲೆಗೇ ಸೇರಿದ್ದುವು. ಆ ಬಳಿಕ ಗಡಿಯ ಅಂಚಿಗೆ ಬಿದ್ದ ಔರಾದದಲ್ಲಿ ಇಂದಿಗೂ ಮಾರುವವನ ಮನೆಮಾತು ಒಂದು, ಕೊಳ್ಳುವವನದು ಇನ್ನೊಂದು. ಒಂದು ಹೆಸರು ತಿಳಿಯದಿದ್ದರೆ ಮತ್ತೊಂದಾದರೂ ತಿಳಿಯಲೆಂದು ಎರಡನ್ನೂ ಕೂಡಿಸಿ ನುಡಿಯುವುದು ಅಜ್ಞಾನವಲ್ಲ, ವ್ಯಾಪಾರದ ದಾಕ್ಷಿಣ್ಯವೆಂದೇ ನನ್ನ ಭಾವನೆ. ಪಾರಸಿಯಲ್ಲಿ ರೊಟ್ಟಿಯೆಂದೇ ಅರ್ಥವಿರುವ ನಾನ್ ಎಂಬುದು ‘ನಾನ್ ರೊಟ್ಟಿ’ಯಾದುದೂ ಇದೇ ದಾರಿಯಿಂದಿರಬೇಕು.

ಮೆಣಸಿನಕಾಯಿಯ ಕಥೆ ಬೇರೆ. ಬಹಮನಿಯರ ವೈಭವದ ದಿನಗಳಲ್ಲಿ ಬೀದರದ ಪಾಕಶಾಲೆಗೆ ಖಾರವನ್ನು ಕೊಡುತ್ತಿದ್ದವುಗಳಲ್ಲಿ ಮುಖ್ಯವಾದುದು ಕಾಳುಮೆಣಸು; ಪೋರ್ತುಗೀಜರ ಮೂಲಕ ಅಮೆರಿಕದ ಕಾಯಿ ಬಂದುದು 16ನೆಯ ಶತಮಾನದಲ್ಲಿ. ಬಂದ ಕಾಯಿಗೆ ಕನ್ನಡಿಗರು ಮೆಣಸಿನ ಹೆಸರನ್ನೂ, ಉತ್ತರದವರು ಸಂಸ್ಕೃತದ ಮರೀಚವನ್ನೇ ತಿರುಗಿಸಿ ಮಿರ್ಚಿ ಎಂಬ ಹೆಸರನ್ನೂ ಕೊಟ್ಟುಬಿಟ್ಟ ಕಾರಣ, ಹೆಸರಿನ ಮೂಲ ಒಡೆಯನಾದ ಮೆಣಸು ತನ್ನ ಗುರುತಿಗಾಗಿ ‘ಕರಿ’ಯನ್ನೋ ‘ಕಾಳ’ನ್ನೋ ಹಚ್ಚಿಕೊಳ್ಳಬೇಕಾಯಿತು. ಇನ್ನು ಮಿರ್ಚಿಯೋ, ಇಲ್ಲಿಯ ಚಹದಂಗಡಿಯಲ್ಲಿ ಕೇಳಿದರೆ ಕಾಯಿಯಾಗಿ ಬಾರದು, ಹಿಟ್ಟಿನಲ್ಲದ್ದಿ ಕರಿದ ತಿಂಡಿಯಾಗಿಯೇ ಬರುವುದು.

ಹೆಸರು ಬೆಳೆಯುವುದಕ್ಕೆ ಪ್ರತಿಯಾಗಿ ಸವೆದುಹೋದ ದೃಷ್ಟಾಂತವೂ ಬೀದರದ ಮದುವೆಯೂಟದಲ್ಲಿಯೇ ಇದೆ. ಉಬ್ಬಿದ ಬ್ರೆಡ್ಡಿಗೆ ‘ಡಬಲ್ ರೋಟಿ’ ಎಂದರು. ಅದರ ಹೋಳುಗಳನ್ನು ತುಪ್ಪದಲ್ಲಿ ಹುರಿದು ಹಾಲು ಸಕ್ಕರೆಗಳಲ್ಲಿ ನೆನೆಸಿದ ಸಿಹಿಗೆ ‘ಡಬಲ್ ಕಾ ಮೀಠಾ’ ಎಂದಷ್ಟೇ ಹೇಳಿ, ರೊಟ್ಟಿಯನ್ನು ಮಾತಿನಿಂದ ಬಿಟ್ಟೇಬಿಟ್ಟರು.