ಊರಿಗೆ ಮರಳುವ ಪ್ರಯಾಣ: ವಿಕ್ಟೋರಿಯಾ ಕಾಲದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು

ರಾಣಿ ವಿಕ್ಟೋರಿಯಾ ಆಳಿದ ಕಾಲದಲ್ಲಿ (1837–1901) ಇಂದಿನ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಕುಟುಂಬವೊಂದು ತವರಿನಿಂದಲೋ ಜಾತ್ರೆಯಿಂದಲೋ ಮನೆಗೆ ಮರಳುವ ದಿನ ಎತ್ತು ಮತ್ತು ಹೊಳೆಯ ಕೈಯಲ್ಲಿತ್ತು. ಪಂಚಾಂಗ ನೋಡಿ ಗೊತ್ತುಮಾಡಿದ ಮುಹೂರ್ತವೂ ಅವುಗಳ ಮುಂದೆ ಬದಲಾಗುತ್ತಿತ್ತು.

ಆಗ ಈ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿ ಇದ್ದ ಊರುಗಳು. ಸವಣೂರು ಮಾತ್ರ ನವಾಬರ ಸಂಸ್ಥಾನ. ಪುಣೆ–ಹರಿಹರ ಹೆದ್ದಾರಿ ಶಿಗ್ಗಾವಿ, ಬಂಕಾಪುರಗಳ ಮೇಲೆ ಹಾದುಹೋಗುತ್ತಿತ್ತು. ದಾರಿಯಂಚಿನ ಊರಿನವರಿಗೆ ಅಷ್ಟು ಅನುಕೂಲ. ಹಾನಗಲ್ಲ, ಹಿರೇಕೆರೂರುಗಳ ಒಳನಾಡಿನವರಿಗೆ ಕಚ್ಚಾ ಹಾದಿಯೇ ಗತಿ.

ಪ್ರಯಾಣ ತಡವಾಗಲು ದೊಡ್ಡ ಕಾರಣ ಮಳೆಗಾಲ. ಆಷಾಢಕ್ಕೆ ತವರಿಗೆ ಬಂದ ಹೊಸ ಸೊಸೆಯನ್ನು, ನಾಗರಪಂಚಮಿಗೆ ಅಣ್ಣ ಕರೆತಂದ ಹೆಣ್ಣುಮಗಳನ್ನು, ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಮುಟ್ಟಿಸಬೇಕಾದ ದಿನಗಳಲ್ಲೇ ವರದಾ ತುಂಬಿ ಹರಿಯುತ್ತಿತ್ತು. ಹಾನಗಲ್ಲದ ಬಳಿಯ ಧರ್ಮಾ, ಹಿರೇಕೆರೂರು ಕಡೆಯ ಕುಮುದ್ವತಿ ಬೇಸಿಗೆಯಲ್ಲಿ ಚಕ್ಕಡಿ ಇಳಿದು ಹತ್ತುವ ಹೊಳೆಗಳು. ನೆರೆ ಬಂದಾಗ ಹರಿಗೋಲು ಹಾಕುವವನು ಒಪ್ಪಿದರೆ ಉಂಟು, ಇಲ್ಲವಾದರೆ ಈಚೆ ದಡದ ನೆಂಟರ ಮನೆಯಲ್ಲೋ ಗುಡಿಯಲ್ಲೋ ಮಠದಲ್ಲೋ ವಸತಿ. ಸವಣೂರು ಕಡೆಯ ಎರೆ ಹೊಲಗಳಲ್ಲಿ ಗಾಲಿ ಅಚ್ಚಿನವರೆಗೂ ಹೂತುಹೋಗುತ್ತಿತ್ತು. ಅದೇ ಹೊತ್ತಿಗೆ ಎತ್ತುಗಳು ಬಿತ್ತನೆ, ಎಡೆ ಹೊಡೆಯುವ ಕೆಲಸಕ್ಕೆ ಬೇಕು. ಹೀಗಾಗಿ ಹೊಲದ ಕೆಲಸ ಮುಗಿಯುವವರೆಗೆ ಕೊಲ್ಲಾರಿ ಬಂಡಿ ಕಟ್ಟಲು ಯಾರೂ ಮುಂದಾಗುತ್ತಿರಲಿಲ್ಲ. ಬುತ್ತಿ ಕಟ್ಟುವುದು, ಕೂಸಿಗೆ ಹೊದಿಕೆ, ಉಡಿ ತುಂಬುವುದು, ಜೊತೆಗೆ ಹೋಗುವ ಹಿರಿಯರನ್ನು ಒಪ್ಪಿಸುವುದು ಮನೆಯ ಹೆಂಗಸರ ಹೊಣೆ. ಸರ್ಕಾರಿ ದಾಖಲೆಗಳಲ್ಲಿ ಹತ್ತಿಯ ಬಂಡಿಗಳಿಗೆ ಸಿಕ್ಕ ಜಾಗ ಈ ದುಡಿಮೆಗೆ ಸಿಗಲಿಲ್ಲ ಎಂಬುದು ಈ ಇತಿಹಾಸದ ದೊಡ್ಡ ಕೊರತೆ.

1876–78ರ ಬರದಲ್ಲಿ ಮೇವಿಲ್ಲದೆ ದನಗಳು ಸತ್ತಾಗ ಎತ್ತು ಕಳೆದುಕೊಂಡ ಮನೆಗೆ ಬಂಡಿಯೂ ಇಲ್ಲವಾಯಿತು. ಹೊಟ್ಟೆಪಾಡಿಗೆ ಊರು ಬಿಟ್ಟವರು ಮಳೆ ಕಂಡಮೇಲೆ ನಡೆದೇ ಮರಳಬೇಕಿತ್ತು.

ತಡವಾಗುವ ಸುದ್ದಿಯನ್ನು ಮೊದಲು ಆಳಿನ ಕೈಯಲ್ಲಿ, ಸಂತೆಗೆ ಹೋಗುವವರ ಬಾಯಲ್ಲಿ ಕಳಿಸುತ್ತಿದ್ದರು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಮರುವರ್ಷ ಅಂಚೆ ಕಚೇರಿಗಳಲ್ಲಿ ಮನಿಯಾರ್ಡರ್ ಶುರುವಾಗಿ, ದೂರದಲ್ಲಿ ಸಿಕ್ಕಿಕೊಂಡವರಿಗೆ ದಾರಿ ಖರ್ಚು ಕಳಿಸಲು ಸಾಧ್ಯವಾಯಿತು. ಓದು ಬಾರದವರಿಗೆ ಶಾಲೆಯ ಮಾಸ್ತರರೋ ಕುಲಕರ್ಣಿಯೋ ಬರೆದುಕೊಡಬೇಕಿತ್ತು.

ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಹುಬ್ಬಳ್ಳಿ–ಹರಿಹರ ಮೀಟರ್‌ಗೇಜ್ ಹಳಿ ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿತು. ಸವಣೂರಿಗೆ ನಿಲ್ದಾಣ ಹತ್ತಿರವಾಯಿತು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಹಳಿಯಿಂದ ದೂರವೇ ಉಳಿದವು. ಹುಬ್ಬಳ್ಳಿಯಿಂದ ಹಾವೇರಿಗೆ ಕೆಲವೇ ತಾಸಿನಲ್ಲಿ ಬಂದಿಳಿದ ಹಾನಗಲ್ಲದ ಕುಟುಂಬಕ್ಕೆ ಮುಂದೆ ಇಡೀ ದಿನದ ಚಕ್ಕಡಿ ದಾರಿ. ಬಂಡಿಯನ್ನು ರೈಲಿನ ವೇಳೆಗೆ ಹೊಂದಿಸಿ ಕಳಿಸುವುದು ಹೊಸ ಚಿಂತೆಯಾಯಿತು.

ಶತಮಾನದ ಕೊನೆಯ ತಡೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಧಾರವಾಡ ಜಿಲ್ಲೆಗೂ ಹಬ್ಬಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ರೈಲು ಪ್ರಯಾಣಿಕರನ್ನು ತಪಾಸಿಸಿ, ಶಂಕೆ ಬಂದವರನ್ನು ಬೇರೆ ಇರಿಸುವ ಅಧಿಕಾರ ಕೊಟ್ಟಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಊರಿನಲ್ಲಿ ಇಲಿ ಬಿದ್ದರೆ ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ದೂರದಿಂದ ಬಂದವರು ಮನೆಯ ಬದಲು ಆ ಗುಡಿಸಲಿಗೇ ಹೋಗಿ ಸೇರಬೇಕಾಯಿತು. ಊರೊಳಗೆ ಕಾಲಿಡಲು ರೋಗ ಇಳಿಯುವವರೆಗೆ ಕಾಯಬೇಕಿತ್ತು.

ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ಮುಂದೆಯೂ ರೈಲು ಬರಲಿಲ್ಲ. ನಿಲ್ದಾಣದಿಂದ ಮನೆಯವರೆಗಿನ ಚಕ್ಕಡಿಯ ಕೆಲಸವನ್ನು 20ನೇ ಶತಮಾನದಲ್ಲಿ ಬಸ್ಸು ವಹಿಸಿಕೊಂಡಿತು.