ಚಲೋ ಹಮಾರಾ ದೇಸ್ (ಸಾಕ್ಷ್ಯಚಿತ್ರ)

'ಚಲೋ ಹಮಾರಾ ದೇಸ್' ಶಬ್ನಂ ವಿರ್ಮಾನಿ ಅವರು ನಿರ್ದೇಶಿಸಿದ, 2008ರ ಸಂಗೀತ ಸಾಕ್ಷ್ಯಚಿತ್ರ. ಬೆಂಗಳೂರಿನ ಸೃಷ್ಟಿ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಕಬೀರ್ ಯೋಜನೆಯ ನಾಲ್ಕು ಚಿತ್ರಗಳಲ್ಲಿ ಇದೂ ಒಂದು.

ಮಧ್ಯಪ್ರದೇಶದ ಮಾಳವ ಪ್ರಾಂತ್ಯದ ದಲಿತ ಜನಪದ ಗಾಯಕ ಪ್ರಹ್ಲಾದ್ ಸಿಂಗ್ ಟಿಪಾನ್ಯಾ ಹಾಗೂ 'ಬೀಜಕ'ವನ್ನು ಇಂಗ್ಲಿಷಿಗೆ ತಂದ ಅಮೆರಿಕದ ವಿದ್ವಾಂಸೆ ಲಿಂಡಾ ಹೆಸ್ ಅವರ ಸ್ನೇಹವೇ ಇದರ ವಸ್ತು. ಗಾಯಕನು ಕೇವಲ ಮಾಹಿತಿದಾರ, ಅರ್ಥ ಹೇಳುವವರು ವಿದ್ವಾಂಸರು ಎಂಬ ವಿಂಗಡಣೆಯನ್ನು ಚಿತ್ರವು ಒಪ್ಪುವುದಿಲ್ಲ. ಶಾಲಾ ಶಿಕ್ಷಕರೂ ಆಗಿದ್ದ ಟಿಪಾನ್ಯಾ ತಂಬೂರಿ ಮೀಟುತ್ತ ಹಾಡುವವರು, ಪದದ ಅರ್ಥವನ್ನೂ ತಾವೇ ಬಿಡಿಸಿಡುವವರು. ಪ್ರಾತಿನಿಧ್ಯದ ದೃಷ್ಟಿಯಿಂದ ಚಿತ್ರದ ಹೆಚ್ಚುಗಾರಿಕೆ ಇದೇ. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಏಕತಾರಿಯೊಡನೆ ಕೇಳಿ ಬೆಳೆದ ಕನ್ನಡಿಗರಿಗೆ ಈ ಲೋಕವು ಅಪರಿಚಿತವೆನಿಸದು.

ಟಿಪಾನ್ಯಾ ಅವರು ಕಬೀರಪಂಥದ ಮಹಂತರಾದಾಗ ಎದುರಾದ ಇಕ್ಕಟ್ಟನ್ನು ಇದೇ ಮಾಲೆಯ 'ಕಬೀರಾ ಖಡಾ ಬಾಜಾರ್ ಮೇ' ಚಿತ್ರವು ನಿರೂಪಿಸುತ್ತದೆ.