ಕಾಯದ ತೂಕ, ಪ್ರಸಾದದ ಅಳತೆ

ಶರಣರು ದೇಹವನ್ನು ಹಳಿಯಲಿಲ್ಲ, ಮೆರೆಸಲೂ ಇಲ್ಲ. ಅದನ್ನು ಪ್ರಸಾದಕಾಯವೆಂದು ಬಗೆದರು. ಕಲ್ಯಾಣದಲ್ಲಿ ಅಕ್ಕಿಯಾಯುವ ಕಾಯಕದ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಹೇಳಿದ ಪ್ರಸಂಗ ಸರ್ವವಿದಿತ. ಅಲ್ಲಿ ಮಿತವೆಂಬುದು ಉಪವಾಸದ ಹಟವಲ್ಲ. ಪರರ ಪಾಲನ್ನರಿತ ಎಚ್ಚರ.

ಇಂದು ತೂಕದ ಚರ್ಚೆಯಲ್ಲಿ ರೋಗಿಯ ಬಾಯಿಚಪಲವನ್ನೇ ಜರೆಯುವುದು ರೂಢಿಯಾಗಿದೆ. ಮೈಸೂರಿನ ಇತಿಹಾಸ ಬೇರೊಂದನ್ನು ಹೇಳುತ್ತದೆ. ಇಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ನವಜಾತ ಶಿಶುಗಳ ತೂಕವನ್ನು ದಾಖಲಿಸಿತ್ತು. ಅಲ್ಲಿ 1934ರಿಂದ 1954ರವರೆಗೆ ಜನಿಸಿದ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅವರ ಪೈಕಿ, ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಹೃದ್ರೋಗ ಶೇ. 11, 3.1 ಕಿಲೋ ಅಥವಾ ಹೆಚ್ಚಿದ್ದವರಲ್ಲಿ ಶೇ. 3. ಮಧುಮೇಹವಾದರೋ, 1998ರ ವರದಿಯಂತೆ, ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿಯೂ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿಯೂ ಅಧಿಕವಾಗಿತ್ತು.

ಕಾಯದ ಲೆಕ್ಕ ತಾಯಿಯ ಗರ್ಭದಿಂದಲೇ ಮೊದಲಾಗುವುದಾದರೆ, ಒಬ್ಬರ ಮೈಯನ್ನು ಕಂಡು ಅವರ ಗುಣವನ್ನಳೆಯುವುದು ಸಲ್ಲದು. ತನ್ನ ಎಡೆಯಲ್ಲಿ ಮಿತ, ಬಸುರಿಯ ಎಡೆಯಲ್ಲಿ ತಕ್ಕ ಅನ್ನ: ಲಕ್ಕಮ್ಮನವರ ಅಳತೆ ಇಂದಿಗೂ ದಾಸೋಹದ ಅಳತೆಯೇ ಆಗಿದೆ.